ಕಾಲಡಿಯ ಕಿಂಡಿ

ಮಕ್ಕಳೇ, ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಮಿರ್ಲೆಯಿಂದ ಕೆ.ಆರ್.ನಗರಕ್ಕೆ ಬಸ್ಸು, ಅಲ್ಲಿಂದ ಮೈಸೂರಿಗೆ ರೈಲು, ಮತ್ತೆ ಬಸ್ಸು. ಕರ್ನಲ್ ಬೇಲಿಯ ಸೆರೆಮನೆ ಅನ್ನುತ್ತಾರಲ್ಲ, ಅದರೊಳಗೆ ಇಳಿಯುತ್ತಲೇ ವಾಚಾಳಿ ಹುಡುಗಿ ಸುಮ್ಮನಾದಳು. ಕಮಾನಿನ ಚಾವಣಿ. ಗೋಡೆಯಿಂದ ಚಾಚಿಕೊಂಡ ತೂತುಗಲ್ಲುಗಳು. ಕೈದಿಗಳನ್ನು ಸರಪಳಿಯಿಂದ ಅವಕ್ಕೇ ಬಿಗಿಯುತ್ತಿದ್ದರಂತೆ. ಬೇಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ.

"ತಾತ, ಒಬ್ರೇ ಇದ್ರೆ ಭಯ ಆಗಲ್ವಾ?"

ಆಗುತ್ತದೆ, ನನಗೆ ಗೊತ್ತು. ಬ್ಯಾಂಕಿನಲ್ಲಿದ್ದಾಗ ಒಮ್ಮೆ ಸ್ಟ್ರಾಂಗ್ ರೂಮಿನ ಮೂಲೆಯಲ್ಲಿ ಹಳೆ ಲೆಡ್ಜರ್ ಹುಡುಕುತ್ತಿದ್ದೆ. ಒಳಗೆ ಯಾರೂ ಇಲ್ಲವೆಂದುಕೊಂಡು ಸರಳುಬಾಗಿಲಿಗೆ ಬೀಗ ಹಾಕಿ ಎಲ್ಲರೂ ಊಟಕ್ಕೆ ಹೋದರು. ಅರ್ಧ ಗಂಟೆ ಅಷ್ಟೇ. ಅಷ್ಟರಲ್ಲೇ ಮನೆದೇವರಿಗೆ ಎರಡು ಹರಕೆ ಹೊತ್ತಿದ್ದೆ!

ಇದೇ ಪಟ್ಟಣದಲ್ಲಿ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನವನು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೇರಿ ಕಂಪನಿಯ ಪಡೆಯನ್ನು ಬಡಿದಾಗ ಗಾಯಗೊಂಡು ಸಿಕ್ಕಿಬಿದ್ದವನು. ಬಿಡುಗಡೆ 1784ರಲ್ಲಿ. 1799ರ ಮೇ 4ರಂದು ಕೋಟೆಗೆ ನುಗ್ಗಿದವರ ಮುಂದಾಳು ಅವನೇ. ಅಂದು ಕತ್ತಲಾದ ಮೇಲೆ ದೀಪ ಹಿಡಿದು ಟಿಪ್ಪುವಿನ ದೇಹ ಹುಡುಕಿದರು.

ಆ ಗಳಿಗೆಯನ್ನು ಸರ್ ಡೇವಿಡ್ ವಿಲ್ಕಿ 1839ರಲ್ಲಿ ಎಣ್ಣೆಬಣ್ಣದಲ್ಲಿ ಚಿತ್ರಿಸಿದ. ಬರೆಸಿದವಳು ಬೇರ್ಡನ ಹೆಂಡತಿ; ಗಂಡ ಸತ್ತು ಹತ್ತು ವರ್ಷವಾಗಿತ್ತು. ಕಲಾವಿದ ನಮ್ಮ ದೇಶಕ್ಕೆ ಕಾಲಿಟ್ಟವನೇ ಅಲ್ಲ. ಮೊಮ್ಮಗಳಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ನಡುವೆ ಕತ್ತಿ ಹಿಡಿದು ಸೆಟೆದು ನಿಂತ ಬೇರ್ಡ್, ಕೆಳಗೆ ಬಿದ್ದಿರುವ ಟಿಪ್ಪು. ಗೆದ್ದವರ ಮನೆಯ ಚಿತ್ರ, ಇನ್ನು ಹೇಗಿದ್ದೀತು? ಅವಳು ಬೆರಳಿನಿಂದ ಹಿಗ್ಗಿಸಿ, ಬೇರ್ಡನ ಕಾಲಡಿಯಲ್ಲಿ ಕಬ್ಬಿಣದ ಸರಳಿನ ಕಿಂಡಿಯೊಂದನ್ನು ಹುಡುಕಿದಳು. ಅವನಿದ್ದ ಸೆರೆಮನೆಯ ಗುರುತಿಗೆಂದು ವಿಲ್ಕಿ ಇಟ್ಟದ್ದು ಅದು.

"ಒಳಗಿರೋರು ಕಾಣ್ತಾನೇ ಇಲ್ಲ."

ಆಗ ಲ್ಯೂಕಾಸನ ಕಥೆ ಹೇಳಿದೆ. ಬೇಡಿ ಹಾಕಲು ಬಂದಾಗ ಬೇರ್ಡನ ಕಾಲಿನ ಗಾಯ ಇನ್ನೂ ಮಾಯ್ದಿರಲಿಲ್ಲವಂತೆ. ಜೊತೆ ಕೈದಿ ಕ್ಯಾಪ್ಟನ್ ಲ್ಯೂಕಾಸ್ ಮುಂದೆ ಬಂದು, ಅವನ ಬೇಡಿಯನ್ನೂ ನನಗೇ ಹಾಕಿ ಎಂದನಂತೆ. ಬೇರ್ಡ್ ಬದುಕಿ ಹೊರಬಂದ. ಲ್ಯೂಕಾಸ್ ಬರಲಿಲ್ಲ. ನನ್ನನ್ನು ಕೇಳಿದರೆ, ವಿಲ್ಕಿ ಬರೆಯಬೇಕಾಗಿದ್ದ ಚಿತ್ರ ಅದು.

ಮರಳುವಾಗ ರೈಲಿನಲ್ಲಿ ಅವಳು ನೋಟ್‌ಬುಕ್ ತೆಗೆದು ಕಿಂಡಿ ಬರೆದಳು. ಒಳಗೆ ಇಬ್ಬರು. ಒಬ್ಬನ ಕಾಲಿಗೆ ಎರಡು ಜೊತೆ ಬೇಡಿ.