ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಮೊದಲ ಪಿಯುಸಿ. ಹೋದ ಭಾನುವಾರ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕ ಹಿಡಿದು ಬಂದ. ಅವನ ಹಿಂದೆಯೇ ತಂದೆಯೂ ಬಂದರು. ಸರಳ ಲೋಲಕದ ಪ್ರಯೋಗವನ್ನು ಮನೆಯ ಜಗುಲಿಯಲ್ಲೇ ಅಭ್ಯಾಸ ಮಾಡಿದ್ದಾನೆ. ಆರು ಬೇರೆ ಬೇರೆ ಉದ್ದದ ದಾರ, ಆರು ರೀಡಿಂಗ್. ಐದರಲ್ಲಿ ಗುರುತ್ವ ವೇಗೋತ್ಕರ್ಷ 980ರ ಆಸುಪಾಸಿಗೆ ಬಂದಿದೆ. ಆರನೆಯದರಲ್ಲಿ ಮಾತ್ರ 1088!

"ಸಾರ್, ಇದೊಂದನ್ನು ರಬ್ಬರ್ ಹಾಕಿ ಅಳಿಸಿಬಿಡಲೇ?" ಎಂದ.

"ಸರಿಯಾದ ಉತ್ತರ ಪುಸ್ತಕದಲ್ಲೇ ಇದೆಯಲ್ಲ ಮೇಷ್ಟ್ರೆ, ಅದನ್ನೇ ಬರೆದುಬಿಡಲಿ. ಸುಮ್ಮನೆ ಯಾಕೆ ಮಾರ್ಕ್ಸ್ ಕಳೆದುಕೊಳ್ಳಬೇಕು?" ಎಂದರು ತಂದೆ.

ನಾನು ಇಬ್ಬರನ್ನೂ ಕೂರಿಸಿ ಒಂದು ಕೋವಿಯ ಕಥೆ ಹೇಳಿದೆ. ಲೋಲಕಕ್ಕೂ ಕೋವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ತುಸು ತಾಳಿ.

1874ರ ಸೆಪ್ಟೆಂಬರ್ 26. ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿದ್ದ ಕ್ರೀಡ್‌ಮೂರ್ ಎಂಬ ಮೈದಾನ. ಒಂದು ಕಡೆ ಐರ್ಲೆಂಡಿನ ತಂಡ, ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ಎಲ್ಕೊ ಷೀಲ್ಡ್ ಗೆದ್ದ ನುರಿತ ಗುರಿಕಾರರು. ಇನ್ನೊಂದು ಕಡೆ ನ್ಯೂಯಾರ್ಕಿನ ಹವ್ಯಾಸಿ ರೈಫಲ್ ಕ್ಲಬ್ಬಿನವರು. ತಂಡಕ್ಕೆ ಆರು ಜನ. 800, 900 ಮತ್ತು 1000 ಗಜಗಳ ದೂರದಿಂದ ಒಬ್ಬೊಬ್ಬರಿಗೂ ಹದಿನೈದು ಹದಿನೈದು ಗುಂಡು. ಸಾವಿರ ಗಜ ಎಂದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ; 914 ಮೀಟರ್.

ಐರ್ಲೆಂಡಿನವರದು ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವ ರೈಫಲ್. ನಮ್ಮ ಮಲೆನಾಡಿನ ಹಿರಿಯರು ಬಲ್ಲ ಕೇಪಿನ ಕೋವಿಗೆ ಮದ್ದು ತುಂಬುವ ರೀತಿಯೇ ಅದಕ್ಕೂ. ಅಮೆರಿಕದವರದು ಹಿಂಬದಿಯಿಂದ ಹಿತ್ತಾಳೆಯ ತೋಟಾ ಹಾಕುವ ಒಂಟಿ ಈಡಿನ ರೈಫಲ್. ಒಂದು ಈಡು ಹೊಡೆದ ಮೇಲೆ ಖಾಲಿ ತೋಟಾ ತೆಗೆದು ಇನ್ನೊಂದನ್ನು ಕೈಯಿಂದಲೇ ಹಾಕಬೇಕು. ದೂರದ ಗುರಿಗೆ ಬಾಯಿಂದ ತುಂಬುವ ರೈಫಲ್ಲೇ ಮೇಲು, ತೋಟಾದಲ್ಲಿ ಅಷ್ಟು ನಿಖರತೆ ಸಾಧ್ಯವಿಲ್ಲ ಎಂದು ಆಗ ಬಹಳ ಜನ ನಂಬಿದ್ದರು.

ಕೊನೆಯ ಗುಂಡು ಹೊಡೆಯಬೇಕಿದ್ದವನು ಜಾನ್ ಬೋಡಿನ್. ಆಗ ಐರ್ಲೆಂಡ್ 931, ಅಮೆರಿಕ 930. ಅಷ್ಟರಲ್ಲಿ ಶುಂಠಿ ಪಾನೀಯದ ಬಾಟಲಿ ಒಡೆದು ಬೋಡಿನ್‌ನ ಕೈ ಕುಯ್ದಿತ್ತು. ಕೈಗೆ ಬಟ್ಟೆ ಸುತ್ತಿಕೊಂಡೇ ಮಲಗಿ ಗುರಿ ಹಿಡಿದ. ಗುಂಡು ನಡುವಿನ ಕಪ್ಪು ಚೌಕಕ್ಕೆ ಬಿತ್ತು. ಅದಕ್ಕೆ ನಾಲ್ಕು ಅಂಕ. 934ಕ್ಕೆ 931ರಂತೆ ಅಮೆರಿಕ ಗೆದ್ದಿತು. ಇದಕ್ಕೂ ಮೊದಲು ಐರ್ಲೆಂಡಿನ ಮಿಲ್ನರ್ ಎಂಬಾತ ಕಪ್ಪು ಚೌಕಕ್ಕೇ ಹೊಡೆದಿದ್ದ, ಆದರೆ ಪಕ್ಕದವರ ಹಲಗೆಯ ಚೌಕಕ್ಕೆ! ಅದಕ್ಕೆ ಸಿಕ್ಕಿದ್ದು ಸೊನ್ನೆ. ಆ ನಾಲ್ಕು ಅಂಕ ಸೇರಿದ್ದರೆ ಐರ್ಲೆಂಡ್ 935 ಆಗುತ್ತಿತ್ತು.

ಬೋಡಿನ್‌ನ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಗುರಿಕಾರನ ಕೈ ಎಷ್ಟೇ ಗಟ್ಟಿಯಾಗಿರಲಿ, ಅವನ ತೋಟಾ ಒಂದೊಂದು ಸಲ ಒಂದೊಂದು ಥರ ನಡೆದುಕೊಂಡರೆ ಗುಂಡು ಅಲ್ಲಿಗೆ ಮುಟ್ಟುವುದಿಲ್ಲ. ಏಕೆಂದು ಪಿಯುಸಿ ಲೆಕ್ಕದಿಂದಲೇ ನೋಡೋಣ.

ಆ ಕಾಲದ ಸೀಸದ ಗುಂಡು ಸಾವಿರ ಗಜ ಹೋಗಲು ಸುಮಾರು 3 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಯಾವುದೇ ವಸ್ತು ಎಷ್ಟು ಕೆಳಕ್ಕೆ ಬೀಳುತ್ತದೆ? 9.8ರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿ: 44 ಮೀಟರ್. ಅಂದರೆ ನಳಿಗೆಯನ್ನು ಅಷ್ಟು ಎತ್ತರಕ್ಕೆ ತೋರಿಸಿ ಹೊಡೆಯಬೇಕು. ಈಗ ಒಂದು ಗುಂಡಿನ ವೇಗ ನೂರಕ್ಕೆ ಒಂದು ಪಾಲು ಕಡಿಮೆಯಾಯಿತು ಎನ್ನಿ. ಕಾಲ 3.03 ಸೆಕೆಂಡು, ಬೀಳುವ ದೂರ 45 ಮೀಟರ್. ವ್ಯತ್ಯಾಸ ಸುಮಾರು 90 ಸೆಂಟಿಮೀಟರ್! ಕ್ರೀಡ್‌ಮೂರ್ ಹಲಗೆಯ ಕಪ್ಪು ಚೌಕದ ಅಗಲ ಮೂರು ಅಡಿ. ಅದರ ನಡುವಿನಿಂದ ಅಂಚಿಗೆ 45 ಸೆಂಟಿಮೀಟರ್ ಮಾತ್ರ. ಇದು ಗಾಳಿಯ ತಡೆಯನ್ನು ಬಿಟ್ಟು ಮಾಡಿದ ಲೆಕ್ಕ. ಅದನ್ನು ಸೇರಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಅರ್ಧಕ್ಕೆ ಇಳಿದರೂ ಗುಂಡು ಚೌಕದ ಅಂಚಿನಲ್ಲಿರುತ್ತದೆ.

ಹೀಗಾಗಿ ಪ್ರತಿ ತೋಟಾವೂ ಹಿಂದಿನದರ ಪಡಿಯಚ್ಚಾಗಿರಬೇಕು. ಆದರೆ ಕಪ್ಪು ಮದ್ದು ಇದಕ್ಕೆ ಸುಲಭವಾಗಿ ಬಗ್ಗುವ ಪದಾರ್ಥವಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣ ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ಆಂಡ್ರೂ ನೋಬಲ್ ಮತ್ತು ಫ್ರೆಡರಿಕ್ ಏಬೆಲ್ ಎಂಬ ವಿಜ್ಞಾನಿಗಳು 1875ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ತೂಕದಲ್ಲಿ ನೂರಕ್ಕೆ 43 ಪಾಲು ಮಾತ್ರ ಅನಿಲ, ಉಳಿದ 57 ಪಾಲು ಘನ ಪದಾರ್ಥ. ದಟ್ಟ ಬಿಳಿ ಹೊಗೆಯಾಗಿ ಹೊರಬರುವುದು, ನಳಿಗೆಯ ಒಳಗೆ ಕಿಟ್ಟವಾಗಿ ಅಂಟಿಕೊಳ್ಳುವುದು ಇದೇ. ರೈಫಲ್ ನಳಿಗೆಯ ಒಳಮೈಯಲ್ಲಿ ಗುಂಡನ್ನು ಬುಗುರಿಯಂತೆ ತಿರುಗಿಸಲು ಸುರುಳಿ ಗೀರುಗಳಿರುತ್ತವೆ. ಒಣಗಿದ ಕಿಟ್ಟ ಈ ಗೀರುಗಳಲ್ಲಿ ತುಂಬಿಕೊಂಡರೆ, ಎರಡನೆಯ ಗುಂಡಿಗೆ ಸಿಗುವ ನಳಿಗೆ ಮೊದಲ ಗುಂಡಿಗೆ ಸಿಕ್ಕ ನಳಿಗೆಯಲ್ಲ!

ಇದಕ್ಕೆ ಗುರಿಕಾರರು ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ಕೆಲವರು ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸುತ್ತಾರೆ. ಇನ್ನು ಕೆಲವರು ಹಿಂಬದಿಯಿಂದ ಒಂದು ಕೊಳವೆ ಇಟ್ಟು ಬಾಯಿಂದ ಊದುತ್ತಾರೆ. ಉಸಿರಿನ ತೇವ ಕಿಟ್ಟವನ್ನು ಮೆದುವಾಗಿಸುತ್ತದೆ. ಎಷ್ಟು ಸಲ ಊದಬೇಕೆಂಬುದಕ್ಕೂ ಲೆಕ್ಕ ಉಂಟು. ಒಮ್ಮೆ ಮೂರು ಸಲ, ಇನ್ನೊಮ್ಮೆ ಏಳು ಸಲ ಊದಿದರೆ ಗುಂಡು ಮೇಲೆ ಕೆಳಗೆ ಹೋಗುತ್ತದೆ.

ಮದ್ದನ್ನು ತೂಗುವುದು 'ಗ್ರೇನ್' ಎಂಬ ಮಾನದಲ್ಲಿ. ಮೂಲದಲ್ಲಿ ಇದು ಒಂದು ಬಾರ್ಲಿ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿಯಂತೆ. ಒಂದು ಗ್ರೇನ್ ಎಂದರೆ 0.065 ಗ್ರಾಂ, ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಅಮೆರಿಕದ ಸೈನ್ಯ 1873ರಲ್ಲಿ ಬಳಕೆಗೆ ತಂದ ತೋಟಾದ ಹೆಸರೇ '45-70'. ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ 45 ಪಾಲು, ಮದ್ದು 70 ಗ್ರೇನ್. ತೂಗಿದ ಮದ್ದನ್ನು ಉದ್ದ ಕೊಳವೆಯ ಮೂಲಕ ನಿಧಾನವಾಗಿ ಸುರಿದು ಕಾಳುಗಳು ಒತ್ತಾಗಿ ಕೂರುವಂತೆ ಮಾಡುತ್ತಾರೆ. ಸೀಸಕ್ಕೆ ಸ್ವಲ್ಪ ತವರ ಸೇರಿಸಿ ಎರಕ ಹೊಯ್ದ ಗುಂಡುಗಳನ್ನು ಒಂದೊಂದಾಗಿ ತೂಗಿ ಬೇರ್ಪಡಿಸುತ್ತಾರೆ.

ಇನ್ನು ತಮ್ಮ ರೈಫಲ್ಲಿಗೆ ಒಪ್ಪುವ ತೋಟಾ ಯಾವುದೆಂದು ಕಂಡುಹಿಡಿಯುವುದು ಹೇಗೆ? ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿ. ಗುಂಡಿನ ತೂಕ, ಮದ್ದಿನ ಪ್ರಮಾಣ, ಕಾಳಿನ ಗಾತ್ರ, ಗುಂಡಿಗೆ ಸವರುವ ಕೊಬ್ಬು ಮತ್ತು ಜೇನುಮೇಣ, ನಳಿಗೆ ಒರೆಸುವ ಕ್ರಮ, ಹೀಗೆ ಬದಲಾಯಿಸಬಹುದಾದ ಸಂಗತಿಗಳು ಹತ್ತಾರು. ಅವಸರದವನು ಒಂದೇ ದಿನ ಮೂರನ್ನು ಬದಲಾಯಿಸುತ್ತಾನೆ. ಗುರಿ ಸುಧಾರಿಸಿದರೆ ಯಾವುದರಿಂದ ಸುಧಾರಿಸಿತೆಂದು ತಿಳಿಯದು. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯದು. ಬಲ್ಲವನು ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾನೆ, ಉಳಿದದ್ದೆಲ್ಲವನ್ನೂ ಹಾಗೆಯೇ ಇಡುತ್ತಾನೆ, ಹಲವು ಗುಂಡು ಹೊಡೆಯುತ್ತಾನೆ, ಎಲ್ಲವನ್ನೂ ಬರೆದಿಡುತ್ತಾನೆ. ಮೂರೇ ಗುಂಡು ಒತ್ತಟ್ಟಿಗೆ ಬಿದ್ದರೆ ಅದು ಅದೃಷ್ಟವೂ ಆಗಿರಬಹುದು. ಬಹಳ ಸಲ ಅವನಿಗೆ ತಿಳಿಯುವುದೇನೆಂದರೆ ಅತಿ ಜೋರಿನ ತೋಟಾ ಅತಿ ನಿಖರವಾದ ತೋಟಾ ಅಲ್ಲ. ಎಲ್ಲ ಗುಂಡುಗಳೂ ಒಂದೇ ಕಡೆ, ಆದರೆ ನಡುವಿನಿಂದ ಒಂದಡಿ ಎಡಕ್ಕೆ ಬಿದ್ದರೆ ಚಿಂತೆಯಿಲ್ಲ. ಗುರಿಕಣ್ಣನ್ನು ಸ್ವಲ್ಪ ಸರಿಸಿದರೆ ಸಾಕು. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಏನು ಸರಿಸಿದರೂ ಪ್ರಯೋಜನವಿಲ್ಲ.

ಈ ಹಾದಿಯಲ್ಲಿ ಬಹು ದೂರ ನಡೆದವನು ಅಮೆರಿಕದ ಮಿಲ್ಫರ್ಡ್ ಊರಿನ ಡಾ. ಫ್ರಾಂಕ್ಲಿನ್ ಮ್ಯಾನ್. ಓದಿದ್ದು ವೈದ್ಯಕೀಯ, ಹಣ ಕೊಟ್ಟದ್ದು ಕೋಳಿಗಳ ಆಹಾರಕ್ಕೆ ಮೂಳೆ ಕತ್ತರಿಸುವ ಯಂತ್ರ. ಆಯುಷ್ಯದ ದಶಕಗಳನ್ನು ಕಳೆದದ್ದು ಒಂದೇ ಪ್ರಶ್ನೆಯ ಹಿಂದೆ: ಗುಂಡು ಗುರಿ ತಪ್ಪುವುದೇಕೆ? ಮನುಷ್ಯನ ಕೈಯ ತಪ್ಪು ಲೆಕ್ಕಕ್ಕೆ ಬಾರದಂತೆ ನಳಿಗೆಯನ್ನು ಭದ್ರವಾದ ಆಧಾರಕ್ಕೆ ಕೂರಿಸಿದ. ಬೇಕೆಂದೇ ಕೆಲವು ಗುಂಡುಗಳ ಮೂತಿ ಕೆಡಿಸಿ ಹೊಡೆದ. ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬುಡವನ್ನು ಓರೆಯಾಗಿ ಕೆಡಿಸಿ ಹೊಡೆದ, ಗುಂಡುಗಳು ಚದುರಿಹೋದವು. ನಳಿಗೆಯಿಂದ ಕೊನೆಗೆ ಹೊರಬೀಳುವುದು ಗುಂಡಿನ ಬುಡ. ಅದು ಓರೆಯಾಗಿದ್ದರೆ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ನೋಡುವವರ ಕಣ್ಣೆಲ್ಲ ಮೂತಿಯ ಮೇಲೆ, ದೋಷ ಇದ್ದದ್ದು ಬುಡದಲ್ಲಿ! 1909ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಮ್ಯಾನ್ ಗೆದ್ದ ಪ್ರಯೋಗಗಳನ್ನಷ್ಟೇ ಅಲ್ಲ, ಸೋತವನ್ನೂ ದಾಖಲಿಸಿದ್ದಾನೆ.

ಹೊಗೆಯಿಲ್ಲದ ಮದ್ದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಕಂಡುಹಿಡಿದ ಮೇಲೆ ಕಪ್ಪು ಮದ್ದು ಸೈನ್ಯಗಳಿಂದ ಮರೆಯಾಯಿತು. ಆದರೂ ಒಂಟಿ ಈಡಿನ ಹಳೆಯ ಮಾದರಿಯ ರೈಫಲ್ ಹಿಡಿದು ಸ್ಪರ್ಧೆಗಿಳಿಯುವ ಹವ್ಯಾಸಿಗಳು ಅಮೆರಿಕದಲ್ಲಿ ಇಂದಿಗೂ ಇದ್ದಾರೆ. ಅವರ ಚೀಲದಲ್ಲಿ ಮದ್ದಿನಷ್ಟೇ ಮುಖ್ಯವಾದ ವಸ್ತು ನೋಟ್‌ಬುಕ್ಕು.

ಕಥೆ ಮುಗಿದ ಮೇಲೆ ಹುಡುಗನನ್ನು ಕೇಳಿದೆ: "ಆರನೆಯ ರೀಡಿಂಗಿನಲ್ಲಿ ದಾರದ ಉದ್ದದ ಜೊತೆಗೆ ಇನ್ನೇನು ಬದಲಾಯಿತು?"

ಸ್ವಲ್ಪ ಯೋಚಿಸಿದ. "ಉದ್ದ ಒಂದು ಮೀಟರ್ ಮಾಡಿದೆ ಸಾರ್. ಅಷ್ಟೆ. ಹಾಂ, ಕೈ ನೋಯುತ್ತಿತ್ತು ಅಂತ ಆ ಸಲ ಸ್ಟಾಪ್‌ವಾಚ್ ತಂಗಿ ಹಿಡಿದಳು. ಎಣಿಸಿದ್ದೂ ಅವಳೇ."

ಎಲ್ಲರೂ ಅವರ ಜಗುಲಿಗೆ ಹೋದೆವು. ಅದೇ ದಾರ, ಅದೇ ಗುಂಡು. ಹುಡುಗ ಎಣಿಸಿದ: ಇಪ್ಪತ್ತು ಆಂದೋಲನಕ್ಕೆ 40.1 ಸೆಕೆಂಡು. ತಂಗಿ ಎಣಿಸಿದಳು: 38.1. ವ್ಯತ್ಯಾಸ ಸರಿಯಾಗಿ ಎರಡು ಸೆಕೆಂಡು, ಒಂದು ಮೀಟರ್ ಲೋಲಕದ ಒಂದು ಆಂದೋಲನದ ಕಾಲ. ಪುಟ್ಟಿ ಗಡಿಯಾರ ಒತ್ತುವಾಗಲೇ "ಒಂದು" ಎನ್ನುತ್ತಿದ್ದಳು! "ಸೊನ್ನೆ" ಎಂದು ಶುರು ಮಾಡಬೇಕಿತ್ತು. ಇಪ್ಪತ್ತು ಎನ್ನುವಾಗ ಆದದ್ದು ಹತ್ತೊಂಬತ್ತೇ.

ಆ ರೀಡಿಂಗನ್ನು ಅಳಿಸಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಗಾಬರಿಯಲ್ಲಿ ಹುಡುಗನೇ "ಒಂದು" ಎಂದು ಶುರು ಮಾಡಿದ್ದರೆ ಗತಿ? ಈಗ ಅವನ ರೆಕಾರ್ಡಿನಲ್ಲಿ ಎರಡೂ ಅಂಕಿಗಳಿವೆ, ಪಕ್ಕದಲ್ಲಿ ಕಾರಣವೂ ಇದೆ. ತಂದೆ ಅದನ್ನು ಎರಡು ಸಲ ಓದಿ, "ಇದಕ್ಕೆ ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ, ಇದು ಹೀಗೇ ಇರಲಿ" ಎಂದರು.

ಒಂದು ಎಚ್ಚರಿಕೆಯ ಮಾತು. ಇದನ್ನು ಓದಿ ಯಾರೂ ಪಟಾಕಿ ಬಿಚ್ಚಿ ಮದ್ದು ತೆಗೆಯಲು ಹೋಗಬೇಡಿ. ಕಣ್ಣು, ಬೆರಳು ಹೋದರೆ ಮತ್ತೆ ಬರುವುದಿಲ್ಲ. ಪರವಾನಗಿಯಿಲ್ಲದೆ ಅಂಥ ಕೆಲಸ ಮಾಡುವುದು ಅಪರಾಧವೂ ಹೌದು. ನಿಮಗೆ ಒಂದು ಮೀಟರ್ ದಾರ, ಒಂದು ಭಾರದ ಗುಂಡು, ಒಂದು ಗಡಿಯಾರ ಸಾಕು. ಇಂದು ಸಂಜೆ ಮನೆಯವರೆಲ್ಲ ಸೇರಿ ಇಪ್ಪತ್ತು ಆಂದೋಲನ ಎಣಿಸಿ. ಬಂದದ್ದನ್ನು ಬಂದ ಹಾಗೆಯೇ ಬರೆದಿಡಿ. ಯಾರಿಗಾದರೂ 38 ಸೆಕೆಂಡು ಬಂದರೆ ಬೈಯಬೇಡಿ. ಮತ್ತೊಮ್ಮೆ ಎಣಿಸಲು ಹೇಳಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ.