ಅಕ್ಕನಿಗೆ ಸಮುದ್ರವೆಂದರೆ ಭಯ

ಮಾನ್ಯ ವೈದ್ಯಕೀಯ ಅಧೀಕ್ಷಕರಿಗೆ,

ಆಸ್ಪತ್ರೆಯ ಹೆಸರು ಬರೆದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ. ಹೋದ ತಿಂಗಳು ನಮ್ಮಕ್ಕನ ಎಡ ಸ್ತನ ತೆಗೆಯುವ ಆಪರೇಷನ್ ನಿಮ್ಮಲ್ಲೇ ಆಯಿತು. ಸರ್ಜನ್ ಕೈಗುಣಕ್ಕೆ, ಹೊಲಿಗೆಗೆ, ಬಿಲ್ಲಿಗೆ ನನ್ನ ತಕರಾರಿಲ್ಲ. ತಕರಾರಿರುವುದು ಹಿಂದಿನ ರಾತ್ರಿಯ ಬಗ್ಗೆ.

ಅಂದು ಸಂಜೆ ಫಿಸಿಯೋಥೆರಪಿಯ ಹುಡುಗಿ ಮೂರು ಚೆಂಡಿನ ಸ್ಪೈರೋಮೀಟರ್ ತಂದು, “ಊದಬೇಡಿ ಅಮ್ಮಾ, ಉಸಿರು ಎಳ್ಕೊಳ್ಳಿ” ಎಂದು ಪಕ್ಕದಲ್ಲೇ ಕೂತು ಕಲಿಸಿದಳು. ಅಕ್ಕ ಎರಡು ಚೆಂಡು ಮೇಲಕ್ಕೆತ್ತುವವರೆಗೂ ಅವಳು ಏಳಲಿಲ್ಲ. ಆಮೇಲೆ ಬಂದವರೊಬ್ಬರು “ಟೆನ್ಷನ್ ಮಾಡ್ಕೋಬೇಡಿ, ಇದನ್ನ ಕೇಳಿ” ಎಂದು ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿ ಹೋದರು. ಉಸಿರಿಗೆ ಕಾಲು ಗಂಟೆ ಪಾಠ, ಭಯಕ್ಕೆ ಒಂದು ಚೀಟಿ!

ಫೋನಿನಲ್ಲಿ ಹಾಕಿದೆ. ಇಂಗ್ಲಿಷಿನಲ್ಲಿ ಒಂದು ಹೆಣ್ಣು ದನಿ, ಹಿಂದೆ ಅಲೆಗಳ ಸದ್ದು. ಸಮುದ್ರ ತೀರದಲ್ಲಿ ಹಾಯಾಗಿ ಮಲಗಿದ್ದೇವೆ ಅಂದುಕೊಳ್ಳಬೇಕಂತೆ. ನಮ್ಮಕ್ಕ ತಿಪಟೂರು ಕಡೆಯವಳು, ತೆಂಗಿನ ತೋಟ ಬಿಟ್ಟರೆ ಬೇರೆ ಕಂಡದ್ದು ಕಡಿಮೆ. ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. ಅಲ್ಲಿ ಮೊಮ್ಮಗ ಅಲೆಗೆ ಸಿಕ್ಕಿ ಎಲ್ಲರೂ ಕಿರುಚಾಡಿದ್ದೇ ಅವಳಿಗೆ ನೆನಪು. ಎರಡು ನಿಮಿಷಕ್ಕೇ “ಆ ನೀರಿನ ಸದ್ದು ನಿಲ್ಸೇ, ಎದೆ ಹೊಡ್ಕೊಳ್ತಿದೆ” ಅಂದಳು.

ಹತ್ತಕ್ಕೆ ಮಾತ್ರೆ ಕೊಟ್ಟರು. ಹನ್ನೆರಡಾದರೂ ಟ್ಯೂಬ್‌ಲೈಟ್ ಆರಲಿಲ್ಲ, ಅವಳಿಗೆ ಕಣ್ಣು ಹತ್ತಲಿಲ್ಲ. ಒಂದು ಗಂಟೆಗೆ ಬಿ.ಪಿ. ನೋಡಲು ಬಂದ ನೈಟ್ ಡ್ಯೂಟಿ ಸಿಸ್ಟರ್, ಅಕ್ಕನ ಕೈ ತಣ್ಣಗಿದ್ದದ್ದು ಕಂಡು ಮಂಚದ ತುದಿಗೆ ಕೂತರು. “ಕಣ್ಣು ಮುಚ್ಚಲೇಬೇಕು ಅಂತಿಲ್ಲಮ್ಮ. ಪಾದ ಬಿಗಿ ಹಿಡೀರಿ... ಈಗ ಸಡಿಲ ಬಿಡಿ. ಮಂಡಿ... ಬಿಡಿ.” ಹೊಟ್ಟೆ, ಭುಜ, ದವಡೆವರೆಗೂ ಬಂದರು. ಏಳೆಂಟು ನಿಮಿಷ ಆಗಿರಬೇಕು. ಅಷ್ಟರಲ್ಲಿ ಬೇರೆ ಬೆಡ್‌ನವರು ಕೂಗಿದರು, ಹೋದರು. ಮುಂದಿನದನ್ನು ನಾನು ಹಿಡಿದೆ. ಮನೆ ಜಗಲಿಯಿಂದ ಪಂಪ್‌ಹೌಸ್‌ವರೆಗೆ ಒಂದೊಂದೇ ಮರ ಹೇಳುತ್ತಾ ಮೆಲ್ಲಗೆ ನಡೆಸಿಕೊಂಡು ಹೋದೆ. “ಆ ಮರ ಹೋದ್ವರ್ಷ ಸಿಡಿಲಿಗೆ ಹೋಯ್ತಲ್ಲೇ” ಎಂದು ನನ್ನನ್ನೇ ತಿದ್ದಿದಳು. ಪಂಪ್‌ಹೌಸ್ ಮುಟ್ಟುವ ಮೊದಲೇ ಗೊರಕೆ.

ಇದು ಅಜ್ಜಿ ಮದ್ದಲ್ಲ ಸ್ವಾಮಿ. ಊರಿಗೆ ಬಂದ ಮೇಲೆ ಹುಡುಕಿ ಓದಿದೆ. ಸಿಸ್ಟರ್ ಹೇಳಿಕೊಟ್ಟ ಬಿಗಿ-ಸಡಿಲದ ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲೇ ಪುಸ್ತಕ ಮಾಡಿದ್ದರು. ಕ್ಯಾನ್ಸರ್ ರೋಗಿಗಳ ಆತಂಕಕ್ಕೆ ಚಿಕಿತ್ಸೆಯ ಜೊತೆಗೇ ಮೈಂಡ್‌ಫುಲ್‌ನೆಸ್ ಧ್ಯಾನ ಹೇಳಿಕೊಡಿ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2023ರಲ್ಲಿ ಶಿಫಾರಸು ಮಾಡಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲೇ ಸ್ತನ ಕ್ಯಾನ್ಸರ್ ಆಪರೇಷನ್ ಆದ ಹೆಂಗಸರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಯೋಗ ಕಲಿತವರು ಬೇಗ ಮನೆಗೆ ಹೋದರು, ಅವರ ಡ್ರೈನ್ ಟ್ಯೂಬೂ ಬೇಗ ತೆಗೆದರು. ಸಣ್ಣ ಅಧ್ಯಯನ, ನಿಜ. ಧ್ಯಾನದಿಂದ ಗಡ್ಡೆ ಕರಗುತ್ತದೆ ಎಂದು ನಾನೂ ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾತ್ರೆ ನಿಲ್ಲಿಸಿ ಎಂದೂ ಅಲ್ಲ.

ಕೇಳುವುದಿಷ್ಟೇ. ರೆಕಾರ್ಡಿಂಗ್ ಕನ್ನಡದಲ್ಲಿರಲಿ, ಕಲಬುರಗಿಯವರಿಗೂ ಮಂಗಳೂರಿನವರಿಗೂ ತಮ್ಮದೆನಿಸುವ ಕನ್ನಡದಲ್ಲಿ. ಉರ್ದು, ತೆಲುಗಿನವರೂ ನಿಮ್ಮ ವಾರ್ಡಿನಲ್ಲಿದ್ದಾರೆ. ಹತ್ತು ನಿಮಿಷ ಸಾಕು. ಆಪರೇಷನ್ ದಿನ ಗೊತ್ತು ಮಾಡುವಾಗಲೇ ಓಪಿಡಿಯಲ್ಲಿ ಕಲಿಸಿ ಕಳಿಸಿದರೆ ಮನೆಯಲ್ಲಿ ರೂಢಿಯಾಗುತ್ತದೆ. ಕೆಲವರಿಗೆ ಕಣ್ಣು ಮುಚ್ಚಿದರೇ ಭಯ ಹೆಚ್ಚುತ್ತದೆ, ಮೊದಲ ಸಲ ಪಕ್ಕದಲ್ಲಿ ಯಾರಾದರೂ ಇರಲಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ. ಇನ್ನೊಂದು ಮಾತು: ಬೆಳಿಗ್ಗೆ ಒಂಬತ್ತಕ್ಕೆ ಅಂದವರು ಓಟಿಗೆ ಕರೆದೊಯ್ದದ್ದು ಮಧ್ಯಾಹ್ನ ಒಂದೂವರೆಗೆ. ನೀರೂ ಕುಡಿಯದೆ ಕಾಯುವವರಿಗೆ ತಡವಾಗುತ್ತದೆ ಎಂದು ಒಬ್ಬರು ಬಂದು ಹೇಳಿದ್ದರೆ, ಯಾವ ಧ್ಯಾನಕ್ಕಿಂತಲೂ ಅದೇ ಹೆಚ್ಚಾಗುತ್ತಿತ್ತು.

ರೆಕಾರ್ಡಿಂಗಿಗೆ ದನಿ ಬೇಕಿದ್ದರೆ ಆ ಸಿಸ್ಟರನ್ನೇ ಕೇಳಿ. ಡ್ಯೂಟಿ ಬಿಟ್ಟು ಕೂತಿದ್ದರು ಎಂದು ಅವರಿಗೆ ಮೆಮೊ ಮಾತ್ರ ಕೊಡಬೇಡಿ.

ಇತಿ,
ಹನ್ನೊಂದನೇ ಬೆಡ್‌ನವರ ತಂಗಿ