ಹುಣಸೆಹಣ್ಣಿನಲ್ಲಿ ಸವೆದ ಮುಖ
ಪಲ್ಲಡಂನಲ್ಲಿ ಕೊಯಮತ್ತೂರು–ತಿರುಚ್ಚಿ ರಸ್ತೆಬದಿಯ ಅಂಗಡಿಯೊಂದರ ಮುಂದೆ ಈ ವಾರ ಅರ್ಧ ಗಂಟೆ ನಿಂತುಬಿಟ್ಟೆ. ಹುಡುಗನೊಬ್ಬ ರೆಸಿನ್ ನಟರಾಜನಿಗೆ ವಯಸ್ಸು ಹಚ್ಚುತ್ತಿದ್ದ. ಮೊದಲು ಮೈಗೆಲ್ಲ ಕಪ್ಪುಗಂದು. ಅದು ಒಣಗಿದ ಮೇಲೆ, ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿದ ಒಣ ಕುಂಚದಿಂದ ಮೂಗು, ಮೊಣಕಾಲು, ಹಾರುವ ಜಡೆಯ ಅಂಚಿಗಷ್ಟೇ ಕಂಚಿನ ಮಿನುಗು. ಕಡೆಗೆ ನೀರಾಗಿಸಿದ ಹಸಿರುನೀಲಿಯನ್ನು ಸಂದುಗಳಿಗೆ ಇಳಿಬಿಟ್ಟು, ಉಬ್ಬಿದ ಕಡೆ ಒರೆಸಿ ತೆಗೆದ. ಪ್ಲಾಸ್ಟಿಕ್ಕಿಗೆ ಕಣ್ಣೆದುರೇ ಶತಮಾನಗಳು ಕೂತವು. ಅವನ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಕಾಡಿದ್ದು ಆ ಹಸಿರು. ತಾಮ್ರ ಗಾಳಿ ಮತ್ತು ತೇವಕ್ಕೆ ಸಿಕ್ಕಿ ಕಟ್ಟುವ ಕಿಲುಬು ಅದು. ಮಣ್ಣಲ್ಲಿ ಹೂತ, ಪೂಜೆ ತಪ್ಪಿದ ಮೂರ್ತಿಯ ಬಣ್ಣ. ತಮಿಳುನಾಡಿನ ಶ್ರೀಪುರಂದಾನ್ ದೇಗುಲದಿಂದ ಕಳವಾಗಿ, ಆಸ್ಟ್ರೇಲಿಯಾದ ಮ್ಯೂಸಿಯಂ ಸೇರಿ, 2014ರಲ್ಲಿ ಮರಳಿದ ನಟರಾಜನನ್ನು ನೆನೆದರೆ, ಹಳೆಯ ಕಂಚಿನ ಮೇಲಿನ ಹಸಿವು ಎಷ್ಟು ದೂರ ಕೈಚಾಚಬಲ್ಲದು ಎಂದು ದಿಗಿಲಾಗುತ್ತದೆ. ಪೂಜೆಯಲ್ಲಿರುವ ಕಂಚು ಮುಪ್ಪಾಗುವ ಬಗೆಯೇ ಬೇರೆ. ಈ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಮನೆಗಳಿಗೆ ಹೋಗಿ ನೋಡಿ. ನನಗೆ ಗೊತ್ತಿರುವ ಒಂದು ಮನೆಯ ಚೌಡೇಶ್ವರಿಗೆ ಕಿಲುಬಿನ ಚುಕ್ಕೆಯೂ ಇಲ್ಲ. ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಅಜ್ಜಿ, ಅತ್ತೆ, ಸೊಸೆಯರ ಬೆರಳಿಗೆ ಅವಳ ಮೂಗು ಕರಗಿದೆ, ಹುಬ್ಬು ಅಳಿಸಿದೆ, ತುಟಿ ಬರೀ ಒಂದು ತಗ್ಗು. ಮುಖ ಮಾತ್ರ ಹೊಸ ಕೊಡದಂತೆ ಥಳಥಳ.